ಚಾಮುಂಡಿ ಬೆಟ್ಟ ಬರೀ ಬಂಡೆಯಲ್ಲ

ದಿನಾ ಕಣ್ಣಿಗೆ ಬೀಳುವ ಬೆಟ್ಟದ ಬಗ್ಗೆಯೇ ತಪ್ಪು ಮಾತುಗಳು ಹೆಚ್ಚು. ಮೈಸೂರಿನಲ್ಲಿ ಬೆಳಗಿನ ಜಾವ ಮೆಟ್ಟಿಲು ಹತ್ತುವವರ ನಡುವೆ ಒಂದು ಗಳಿಗೆ ಕಿವಿಗೊಟ್ಟರೆ ಸಾಕು. ಅವುಗಳಲ್ಲಿ ಕೆಲವು ಯಾರಿಗೂ ತೊಂದರೆ ಕೊಡುವುದಿಲ್ಲ. ಒಂದೆರಡು ಮಾತ್ರ ಬೆಟ್ಟಕ್ಕೇ ಕುತ್ತು ತರುತ್ತಿವೆ.

ಇದು ಆರಿಹೋದ ಜ್ವಾಲಾಮುಖಿ ಎಂದು ಹೇಳುವವರಿದ್ದಾರೆ. ಅಲ್ಲ. ಮೆಟ್ಟಿಲ ಪಕ್ಕದಲ್ಲಿ ಹೊಸದಾಗಿ ಒಡೆದ ಕಲ್ಲನ್ನು ಹತ್ತಿರದಿಂದ ನೋಡಿ: ನಸುಗೆಂಪು ಹರಳು, ಗಾಜಿನಂತೆ ಮಿನುಗುವ ಬೆಣಚು, ನಡುನಡುವೆ ಕಪ್ಪು ಚುಕ್ಕೆ, ಎಲ್ಲವೂ ಬರಿಗಣ್ಣಿಗೇ ಕಾಣುತ್ತವೆ. ಹೊರಗೆ ಉಕ್ಕಿದ ಲಾವಾ ಬೇಗ ಆರುತ್ತದೆ, ಇಷ್ಟು ದೊಡ್ಡ ಹರಳು ಬೆಳೆಯಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಇದು ನೆಲದಾಳದಲ್ಲಿ ನಿಧಾನವಾಗಿ ಗಟ್ಟಿಯಾದ ಗ್ರಾನೈಟ್, ವಯಸ್ಸು ಸುಮಾರು 80 ಕೋಟಿ ವರ್ಷ. ಸುತ್ತಲಿನ ಬಯಲಿನ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು. ಹಾಗಾಗಿ ಮೈಸೂರು ಸೀಮೆಯ ಕಲ್ಲುಗಳಲ್ಲಿ ಚಾಮುಂಡಿ ಬೆಟ್ಟದ್ದು ಎಳೆಯ ಕಲ್ಲು. ಮೇಲಿದ್ದ ನೆಲ ಕೋಟ್ಯಂತರ ವರ್ಷ ಸವೆದ ಮೇಲೆ ಅದು ಬೆಟ್ಟವಾಗಿ ಹೊರಬಿತ್ತು.

ಇಳಿಜಾರಿನಲ್ಲಿ ಕೂತಿರುವ ಗುಂಡುಗಲ್ಲುಗಳನ್ನು ಯಾರೂ ಉರುಳಿಸಿ ತಂದಿಲ್ಲ. ಬಿರುಕುಗಳಿಗೆ ಇಳಿದ ನೀರು ಮೂಲೆಗಳನ್ನು ಮೊದಲು ತಿನ್ನುತ್ತದೆ, ಕಲ್ಲು ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿಯುತ್ತದೆ, ಗಟ್ಟಿ ತಿರುಳು ಮಾತ್ರ ಉಳಿಯುತ್ತದೆ. ಏಳುನೂರನೆಯ ಮೆಟ್ಟಿಲ ಆಸುಪಾಸಿನಲ್ಲಿರುವ ನಂದಿಯೂ ಬೇರೆಡೆಯಿಂದ ಬಂದವನಲ್ಲ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ (1659–1673) ಅಲ್ಲಿದ್ದ ಬಂಡೆಯನ್ನೇ ಕಡೆದು ಮಾಡಿದ ಏಕಶಿಲೆ ಅದು. ಮೆಟ್ಟಿಲು ಕಟ್ಟಿಸಿದವರೂ ಅವರೇ ಎನ್ನುತ್ತಾರೆ.

ಬೆಟ್ಟದಲ್ಲಿರುವ ದೇವಿಕೆರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಸರಾ ಮುಗಿದ ಮೇಲೆ ರಥೋತ್ಸವದ ಬೆನ್ನಿಗೇ ತೆಪ್ಪೋತ್ಸವ ನಡೆಯುವ ಈ ಕೆರೆಗೆ ನೀರು ಪಾತಾಳದಿಂದ ಉಕ್ಕಿ ಬರುತ್ತದೆ ಎಂಬ ನಂಬಿಕೆ ಇದೆ. ಬಯಲ ನಡುವಿನ ಒಂಟಿ ಬೆಟ್ಟ ಇದು. ಇಷ್ಟು ಎತ್ತರಕ್ಕೆ ನೀರನ್ನು ಒತ್ತಿ ಏರಿಸಬೇಕಾದರೆ ಇದಕ್ಕಿಂತ ಎತ್ತರದ ನೆಲ ಹತ್ತಿರದಲ್ಲಿ ಇರಬೇಕಿತ್ತು, ಇಲ್ಲ. ಕೆರೆಯದು ಬೆಟ್ಟದ ಮೇಲೆ ಬಿದ್ದ ಮಳೆಯೇ. ಬಂಡೆಯ ಮೇಲೆ ಹರಿದದ್ದು, ತೆಳುವಾದ ಮಣ್ಣಿನಲ್ಲಿ ಹುಲ್ಲು ಪೊದೆಗಳು ಹಿಡಿದಿಟ್ಟುಕೊಂಡು ಮೆಲ್ಲಗೆ ಜಿನುಗಿಸಿದ್ದು. ಮೇಲೆ ಕಾಂಕ್ರೀಟ್ ಹೆಚ್ಚಿದಷ್ಟೂ ಈ ಜಿನುಗು ಕಡಿಮೆಯಾಗುತ್ತದೆ, ಮಳೆನೀರು ಒಮ್ಮೆಗೇ ಕೊಚ್ಚಿ ಇಳಿಯುತ್ತದೆ.

ಇಲ್ಲಿಗೇ ಅಪಾಯದ ನಂಬಿಕೆಯೂ ಬಂತು: ‘ಕಲ್ಲಿನ ಬೆಟ್ಟ, ಕುಸಿಯುವುದುಂಟೇ?’ 2021ರ ಅಕ್ಟೋಬರ್‌ನಲ್ಲಿ ಜೋರು ಮಳೆಗೆ ನಂದಿಗೆ ಹೋಗುವ ರಸ್ತೆಯೇ ಕುಸಿಯಿತು. ಗಟ್ಟಿ ಬಂಡೆ ಜಾರುವುದಿಲ್ಲ ನಿಜ, ಜಾರುವುದು ಅದರ ಮೇಲೆ ಕೂತ ಸಡಿಲ ಮಣ್ಣು ಮತ್ತು ಗುಂಡುಗಲ್ಲು. ರಸ್ತೆಗಾಗಿ ಇಳಿಜಾರು ಕಡಿದ ಕಡೆ ಮೇಲಿನ ಮಣ್ಣಿಗೆ ಆಸರೆ ತಪ್ಪಿರುತ್ತದೆ. ಚರಂಡಿ ಸರಿಯಿಲ್ಲದೆ ನೀರು ಒಳಗೇ ನಿಂತರೆ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಬೇರು ಬಿಟ್ಟ ಗಿಡಮರಗಳಿದ್ದ ಕಡೆ ಆ ಹಿಡಿತ ಹೆಚ್ಚು ಹೊತ್ತು ಉಳಿಯುತ್ತದೆ. ಈ ಬೆಟ್ಟದ ಮೇಲೆ ಹೊಸ ಕಟ್ಟಡ ಬೇಡ ಎನ್ನುವವರನ್ನು ಅಭಿವೃದ್ಧಿ ವಿರೋಧಿಗಳೆನ್ನುವುದು ಅನ್ಯಾಯ. ಅವರು ಮಣ್ಣಿನ ಲೆಕ್ಕ ಹೇಳುತ್ತಿದ್ದಾರೆ.

ಒಂದು ಸಲ ಹತ್ತಿದರೆ ವಾರದ ಬೊಜ್ಜು ಕರಗುತ್ತದೆ ಎಂಬುದೂ ಸುಳ್ಳು. ಎಪ್ಪತ್ತು ಕೆಜಿ ತೂಕದವರು ಸುಮಾರು 300 ಮೀಟರ್ ಏರಿದರೆ ಖರ್ಚಾಗುವುದು ಹೆಚ್ಚುಕಡಿಮೆ 200 ಕ್ಯಾಲೊರಿ, ಆಮೇಲೆ ತಿನ್ನುವ ಒಂದು ಮಸಾಲೆ ದೋಸೆ ಅದನ್ನು ದಾಟುತ್ತದೆ. ಇಳಿಯುವಾಗ ಮೊಣಕಾಲಿಗೆ ವಿಶ್ರಾಂತಿ ಎಂದುಕೊಳ್ಳಬೇಡಿ, ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಅದರ ಮೇಲೆ ಪೆಟ್ಟು ಜಾಸ್ತಿ. ಹಾಗೆಂದು ಹತ್ತುವುದನ್ನು ಬಿಡಬೇಕಿಲ್ಲ. ದಿನವೂ ಹತ್ತಿದರೆ ಎದೆಗೂ ಕಾಲಿಗೂ ಒಳ್ಳೆಯದೇ.

ಆಷಾಢ ಶುಕ್ರವಾರಗಳಲ್ಲಿ ಭಕ್ತರು ಮೆಟ್ಟಿಲು ಮೆಟ್ಟಿಲಿಗೂ ಹಚ್ಚಿದ ಅರಿಶಿನ ಕುಂಕುಮ ತುಂತುರು ಮಳೆಗೆ ನೆನೆದು ಜಾರುತ್ತದೆ, ಅದನ್ನು ತಪ್ಪಿಸಿ ಕಾಲಿಡಿ. ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿಯಬೇಡಿ. ಹುಲ್ಲು ತುಳಿದು ಮಾಡಿದ ಆ ಕಾಲುಹಾದಿಯಲ್ಲೇ ಮುಂದಿನ ಮಳೆ ಮಣ್ಣನ್ನು ಕೊರೆದುಕೊಂಡು ಇಳಿಯುತ್ತದೆ.