ಅರ್ಥಕೃತಿಯೂ ಹೃದಯಕೃತಿಯೂ

ಕಾವ್ಯವನ್ನು ದ್ರವ್ಯಾರ್ಜನೆಗಾಗಿ ರಚಿಸಬಹುದೆ, ಹೃದಯಪ್ರೇರಣೆಯಿಂದಲೇ ರಚಿಸತಕ್ಕುದೆ ಎಂಬ ಚರ್ಚೆಯು ಮುದ್ರಣಯಂತ್ರವೂ ಪುಸ್ತಕದಂಗಡಿಯೂ ಬಂದ ಮೇಲೆ ಹುಟ್ಟಿತೆಂದು ಹಲವರು ಭಾವಿಸುವರು. ಅದು ಸರಿಯಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಆರು ಪ್ರಯೋಜನಗಳನ್ನು ಎಣಿಸುವಾಗ ಯಶಸ್ಸಿನ ತರುವಾಯ ಎರಡನೆಯದಾಗಿ ಅರ್ಥವನ್ನೇ ಹೇಳಿ, ಶ್ರೀಹರ್ಷರಾಜನಿಂದ ಧನವನ್ನು ಪಡೆದ ಕವಿಯನ್ನು ಉದಾಹರಿಸಿರುವನು. ಆದರೆ ರಸಾಸ್ವಾದದಿಂದ ಒಡನೆಯೇ ಉಂಟಾಗುವ ಆನಂದವು ಉಳಿದೆಲ್ಲ ಪ್ರಯೋಜನಗಳಿಗೂ ತಲೆಯಾದುದೆಂದು ಅವನ ಮತ. ಆದುದರಿಂದ ಅರ್ಥವು ನಿಷಿದ್ಧವಲ್ಲ. ಅದರ ಸ್ಥಾನವಾವುದೆಂಬುದೇ ವಿಚಾರಣೀಯವು. ಇದನ್ನು ನಮ್ಮ ದಕ್ಷಿಣ ಕನ್ನಡ ಸೀಮೆಯ ಇಬ್ಬರು ಗ್ರಂಥಕರ್ತರಲ್ಲಿ ಪರೀಕ್ಷಿಸಿ ನೋಡೋಣ.

ಮೊದಲನೆಯವನು ಮುದ್ದಣನು, ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬುದು ಅವನ ನಿಜನಾಮ (1870–1901). ಉಡುಪಿಯಲ್ಲಿ ವ್ಯಾಯಾಮಶಿಕ್ಷಕನಾಗಿದ್ದನು. ಅಂದಿನ ವಿದ್ವತ್ಪತ್ರಿಕೆಗಳು ಅರಸುತ್ತಿದ್ದುದು ಪ್ರಾಚೀನ ಗ್ರಂಥಗಳನ್ನು. ಹೊಸ ಕವಿಯನ್ನು ಕೇಳುವವರು ವಿರಳ. ಅವನು ಅದ್ಭುತರಾಮಾಯಣ, ಶ್ರೀರಾಮಪಟ್ಟಾಭಿಷೇಕ, ರಾಮಾಶ್ವಮೇಧ ಎಂಬ ಸ್ವಕೃತಿಗಳನ್ನು ಹಳೆಯವೆಂದು ಹೇಳಿ ಮೈಸೂರಿಗೆ ಕಳುಹಿದನು. ಅವು ಅಲ್ಲಿ ಅಚ್ಚಾದುವು. ಕರ್ತೃವಾರೆಂಬುದು ಲೋಕಕ್ಕೆ ವಿಶದವಾದುದು ಅವನ ಮರಣಾನಂತರ. ಬೇಡಿಕೆಗೆ ಮಣಿದುದರ ಬೆಲೆಯಿದು: ಮಮ್ಮಟನು ಮೊದಲು ಹೇಳಿದ ಯಶಸ್ಸೇ ಕವಿಗೆ ಬದುಕಿರುವಾಗ ತಪ್ಪಿತು.

ಕೃತಿಯ ಒಳಗಣ ಸ್ಥಿತಿಯೇನು? ರಾಮಾಶ್ವಮೇಧದ ಭಾಷೆಗೆ ಹಳಗನ್ನಡದ ಉಡುಪನ್ನು ತೊಡಿಸಿದುದು ನಿಜ. ಆದರೆ ಅಲ್ಲಿ ಕಥೆಯನ್ನು ಕೇಳುವವಳು ಪತ್ನಿ ಮನೋರಮೆ. ಅವಳು ನಡುನಡುವೆ ತಡೆಯುವಳು, ಪರಿಹಾಸ ಮಾಡುವಳು, ತನಗೆ ತಿಳಿಯುವಂತೆ ಹೇಳೆಂದು ಹಟ ಹಿಡಿಯುವಳು. ಕಾವ್ಯೋಪದೇಶವನ್ನು ಆಲಂಕಾರಿಕರು ಕಾಂತೆಯ ಮಾತಿಗೆ ಹೋಲಿಸಿದರು. ಮುದ್ದಣನು ಕಾಂತೆಯನ್ನೇ ಎದುರಿಗೆ ಕುಳ್ಳಿರಿಸಿಕೊಂಡು ಕಥೆ ಹೇಳಿದನು. ಈ ಸಲ್ಲಾಪವನ್ನು ಯಾವ ಪತ್ರಿಕೆಯೂ ಬೇಡಿರಲಿಲ್ಲ. ಇಂದು ಪಾಠಶಾಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿದಿರುವುದು ಅದೇ.

ಮುದ್ದಣನು ಹೆಸರನ್ನು ಮರೆಸಿದನು; ಎರಡನೆಯವರಾದ ಶಿವರಾಮ ಕಾರಂತರು (1902–1997) ತಮ್ಮ ಹೆಸರಿನಲ್ಲಿಯೇ ಲೇಖನವನ್ನು ಜೀವನೋಪಾಯವಾಗಿ ಮಾಡಿಕೊಂಡರು. ಕಬಕಕ್ಕೆ ನೆರೆಯಾದ ಪುತ್ತೂರಿನಲ್ಲಿ ಹಲವು ದಶಕಗಳನ್ನು ಕಳೆದರು. ಮಕ್ಕಳಿಗಾಗಿ ಬಾಲಪ್ರಪಂಚವನ್ನೂ, ದೊಡ್ಡವರಿಗಾಗಿ ನಲವತ್ತಕ್ಕೆ ಮಿಕ್ಕ ಕಾದಂಬರಿಗಳನ್ನೂ ಬರೆದರು. ಇಂತಹವರ ಲೇಖನವು ಕ್ರಯದ ವಸ್ತುವಾಗದೆ ಇರುವುದೆ ಎಂದು ಆಕ್ಷೇಪಿಸಬಹುದು. ಉತ್ತರಕ್ಕೆ 1933ರ ಚೋಮನದುಡಿಯೊಂದೇ ಸಾಕು. ಅಂದು ಪುಸ್ತಕವನ್ನು ಕೊಳ್ಳಬಲ್ಲವರು ಬಹುಮಟ್ಟಿಗೆ ಅಕ್ಷರವೂ ಅನುಕೂಲವೂ ಇದ್ದ ಮನೆತನದವರು. ಆ ಕಥೆಯ ನಾಯಕನಾದರೋ ಉಳಲು ತುಂಡುನೆಲವನ್ನು ಬಯಸಿ, ಅಸ್ಪೃಶ್ಯನೆಂಬ ಕಾರಣದಿಂದ ಅದನ್ನು ಕಾಣದೆಯೇ ಅಳಿದ ಚೋಮ. ಕೊಳ್ಳುವವನಿಗೆ ಹಿತವಾಗುವುದನ್ನು ಬರೆಯಬೇಕೆಂದಿದ್ದರೆ ಈ ವಸ್ತುವನ್ನು ಆರಿಸುತ್ತಿರಲಿಲ್ಲ. ಪುಸ್ತಕಕ್ಕೆ ಬೆಲೆಯಿತ್ತು, ಚೋಮನ ದುಃಖವು ಆ ಬೆಲೆಗೆ ತಗ್ಗಲಿಲ್ಲ.

ಇವೆರಡರಿಂದ ಸಿದ್ಧವಾಗುವುದಿಷ್ಟು. ಬರೆಯುವಾಗ ಕೇಳುಗನಾರು, ಬರೆದ ಮೇಲೆ ಕೊಳ್ಳುವವನಾರು ಎಂಬವು ಬೇರೆ ಬೇರೆ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರ ಹೇಳುವುದರಿಂದ ಕವಿಗೆ ದೋಷವಿಲ್ಲ, ಅವನಿಗೂ ಹಸಿವೆಯುಂಟು. ಕೊಳ್ಳುವವನೇ ಕೇಳುಗನ ಮಣೆಯ ಮೇಲೆ ಬಂದು ಕುಳಿತಾಗ ಮಾತ್ರ ಕೃತಿಯು ಕೆಡುವುದು. ಕಾವ್ಯಪಾಠ ಹೇಳುವವರು ಕವಿಯು ಹಣ ಪಡೆದನೇ ಎಂದು ವಿಚಾರಿಸುವುದಕ್ಕಿಂತ, ಆ ಮಣೆಯ ಮೇಲೆ ಯಾರಿದ್ದರೆಂದು ಶಿಷ್ಯರಿಗೆ ತೋರಿಸಿಕೊಡುವುದು ಯುಕ್ತವು.