ಗುಡ್ಡದ ನೆತ್ತಿಗೆ ಕಲ್ಲಿನ ಮುಚ್ಚಳ

ಚೆಂಬೂರಿನಿಂದ ಕಾಣುವ ಟ್ರಾಂಬೆಯ ಗುಡ್ಡ ಕರಿಕಲ್ಲಿನದು; ನಾವು ಬಿಟ್ಟು ಬಂದ ಕರಾವಳಿಯ ಗುಡ್ಡಗಳು ಕೆಂಪುಕಲ್ಲಿನವು. ಊರಿಗೆ ಹಣ ಕಳುಹಿಸಿ ಮನೆ ಕಟ್ಟಿಸಿದ ನಮ್ಮವರೆಲ್ಲರೂ ಆ ಮುರಕಲ್ಲಿಗೆ ಬೆಲೆ ತೆತ್ತವರೇ. ಆದರೆ ಅದು ಹುಟ್ಟುವ ಬಗೆಯನ್ನೂ, ಗುಡ್ಡದ ನೆತ್ತಿಯ ಮೇಲೆ ಕುಳಿತು ಅದು ಮಾಡುವ ಕೆಲಸವನ್ನೂ ಅರಿತವರು ವಿರಳ. ನೆಲದ ಮೈಮೇಲೆ ಖನಿಜಗಳು ಹೆಪ್ಪುಗಟ್ಟಿ ಆಗುವ ಇಂತಹ ಹೊದಿಕೆಗಳು ಬೆಟ್ಟಬಯಲುಗಳ ಆಕಾರವನ್ನೂ ಜನರ ಬಾವಿಯ ನೀರನ್ನೂ ನಿರ್ಧರಿಸುತ್ತವೆ. ಒಣನಾಡಿನಲ್ಲಂತೂ ಅವುಗಳ ಪ್ರಭಾವ ಹೆಚ್ಚು. ಆ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಕಾಫಿಪುಡಿಯ ಮೇಲೆ ಬಿಸಿನೀರು ಹೊಯ್ದರೆ ಸಾರವೆಲ್ಲ ಕೆಳಗಿಳಿದು ಚರಟ ಉಳಿಯುತ್ತದೆ. ಇದು ಹೋಟೆಲಿನವರಿಗೆ ನಿತ್ಯದ ನೋಟ. ಬಂಡೆಯ ಪಾಡೂ ಹೀಗೆಯೇ. ಬಿಸಿಸೀಮೆಯಲ್ಲಿ ಲಕ್ಷಾಂತರ ವರ್ಷ ಇಳಿಯುವ ಮಳೆನೀರು ಬಂಡೆಯೊಳಗಿನ ಸುಣ್ಣ, ಸೋಡಿಯಂ, ಸಿಲಿಕಗಳನ್ನು ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿಯುತ್ತವೆ. ಮಳೆಗಾಲಕ್ಕೆ ಏರಿ ಬೇಸಗೆಗೆ ಇಳಿಯುವ ಅಂತರ್ಜಲದ ಆಟದಲ್ಲಿ ಕಬ್ಬಿಣವು ಗಾಳಿ ಸೋಕಿ ತುಕ್ಕಾಗಿ ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ನೆಲದೊಳಗೆ ಇದು ಕಡಿಯಲು ಮೆದು. ಹೊರತೆಗೆದು ಬಿಸಿಲುಗಾಳಿಗಿಟ್ಟರೆ ಗಡುಸಾಗುತ್ತದೆ. 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡರು. ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದಲೇ ಅದಕ್ಕೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದರು. ಅವರ ಗ್ರಂಥ 1807ರಲ್ಲಿ ಅಚ್ಚಾಯಿತು.

ಮಳೆ ಕಡಮೆಯಾದ ವಿಜಯಪುರದಂತಹ ಸೀಮೆಯಲ್ಲಿ ಸುಣ್ಣವನ್ನು ಕೊಚ್ಚಿ ಒಯ್ಯುವಷ್ಟು ನೀರಿಲ್ಲ. ನೀರು ಆವಿಯಾಗಿ, ಸುಣ್ಣ ನೆಲದಲ್ಲಿಯೇ ನಿಲ್ಲುತ್ತದೆ. ಗಡಸುನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದೂ ಹೀಗೆಯೇ. ಎರೆಹೊಲಗಳಲ್ಲಿ ಸಿಗುವ ಕಂಕರದ ಸುಣ್ಣಹರಳುಗಳು ಇದರ ಫಲ. ಆಫ್ರಿಕದ ಕಲಹಾರಿಯಲ್ಲಿ ಅದೇ ಸುಣ್ಣವು ವಿಶಾಲವಾದ ಹಾಸುಗಲ್ಲಾಗಿದೆ.

ಒಣಸೀಮೆಯಲ್ಲಿ ಮುರಕಲ್ಲಿನ ಮಹಿಮೆಯನ್ನು ಕಾಣಬೇಕಾದರೆ ಬೀದರಕ್ಕೆ ಹೋಗಬೇಕು. ಆ ನಗರ ನಿಂತಿರುವುದು ಕರಿಕಲ್ಲಿನ ಮೇಲೆ ಹಾಸಿದ ಕೆಂಪುಕಲ್ಲಿನ ಪೀಠದ ಮೇಲೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲಿಯೇ ಕೊರೆಯಲಾಯಿತು. ಮುರಕಲ್ಲಿನ ಮೈಯೆಲ್ಲ ತೂತು. ಬಿದ್ದ ಮಳೆ ಅದರೊಳಗೆ ಇಂಗಿ, ಅಡಿಯ ಜೇಡಿಯನ್ನೂ ಕರಿಕಲ್ಲನ್ನೂ ತಲಪಿದಾಗ ತಡೆದು, ಪಕ್ಕಕ್ಕೆ ಹರಿದು ಝರಿಯಾಗಿ ಹೊಮ್ಮುತ್ತದೆ. ಸಿಖ್ಖರ ಯಾತ್ರಾಸ್ಥಳವಾದ ಗುರುನಾನಕ ಝೀರಾ, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ, ಇವೆರಡೂ ಈ ಕಲ್ಲಿನ ಪ್ರಸಾದಗಳೇ. ಪಾರಸಿಕ ಪದ್ಧತಿಯಂತೆ ನೌಬಾದಿನಲ್ಲಿ ಕೊರೆದ ‘ಕರೇಜ್’ ಸುರಂಗವು ಇದೇ ನೀರನ್ನು ಹಿಡಿದು ತರುತ್ತಿತ್ತು. ಮರೆತುಹೋಗಿದ್ದ ಅದರ ಹೂಳನ್ನು 2010ರ ದಶಕದಲ್ಲಿ ಎತ್ತಲಾಯಿತು.

ನಮ್ಮ ಮುಂಬಯಿಗೆ ಸಮೀಪದ ನಿದರ್ಶನ ಮಾಥೇರಾನ. ನೇರಳದಿಂದ ಚಿಕ್ಕ ರೈಲೇರಿ ಹೋದವರ ಬಟ್ಟೆಗೆ ಅಂಟುವ ಕೆಂಧೂಳು ಅಲ್ಲಿಯ ನೆತ್ತಿಯ ಮುರಕಲ್ಲಿನದೇ. ಸಹ್ಯಾದ್ರಿಯ ಎತ್ತರದ ಶಿಖರಗಳ ಕೆಂಪು ಹೊದಿಕೆಯ ವಿಷಯವಾಗಿ ನಮ್ಮ ನೆರೆಯ ಪೊವಾಯಿ ಐ.ಐ.ಟಿ.ಯ ಹೇತು ಶೇಠರೂ ಕ್ಲಿಫ್ ಒಲಿಯರರೂ 2008ರಲ್ಲಿ ಒಂದು ಸೋಜಿಗದ ವಾದವನ್ನು ಮಂಡಿಸಿದರು. ಅವರ ಮತದಂತೆ ಈ ಹೊದಿಕೆ ಹುಟ್ಟಿದ್ದು ಪುರಾತನ ನದಿಗಳ ಕಣಿವೆಗಳಲ್ಲಿ. ಹರಿದು ಬಂದ ಕಬ್ಬಿಣದಿಂದ ಕಣಿವೆಯ ತಳ ಗಟ್ಟಿಯಾಯಿತು. ಸುತ್ತಲಿನ ಮೆದು ನೆಲ ಸವೆದು ಇಳಿಯಿತು. ಅಂದಿನ ತಗ್ಗೇ ಇಂದಿನ ಶಿಖರವಾಯಿತು!

ಇನ್ನು ಊರಿನ ಮಾತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ನಾವು ಪದವು ಎಂದು ಕರೆಯುವ ಬಟ್ಟಗುಡ್ಡಗಳೂ ಇಂತಹ ಮುಚ್ಚಳ ಹೊತ್ತವೇ. ಅಲ್ಲಿ ಇಂಗಿದ ಮಳೆಯೇ ಕೆಳಗಿನ ಬೈಲಿನ ಬಾವಿಗೆ ನೀರು. ಕಲ್ಲಿನ ಕೋರೆಯವರು ಆ ಮುಚ್ಚಳವನ್ನು ತೆಗೆದೊಯ್ದರೆ ಅಡಿಯ ಶೇಡಿಮಣ್ಣು ಬಯಲಾಗಿ ಮಳೆಗೆ ಕರಗಿ ಜಾರುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಕೋರೆಗುಂಡಿಗಳಿಗೆ ಬಿದ್ದು ಮಕ್ಕಳು ಪ್ರಾಣ ಕಳೆದುಕೊಂಡ ವಾರ್ತೆಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಕಲ್ಲು ಬೇಡವೆಂದು ನಾವು ಹೇಳಲಾರೆವು. ನಮ್ಮ ಮನೆಗಳ ಗೋಡೆಯೂ ಅದರದೇ. ಆದರೆ ಕುಟುಂಬದ ಗುಡ್ಡವನ್ನು ಕೋರೆಗೆ ಕೊಡಲು ಸಹಿ ಬೇಡಿ ಊರಿನಿಂದ ಕಾಗದ ಬಂದಾಗ, ಮುಂಬಯಿಯಲ್ಲಿರುವ ಪಾಲುದಾರನು ಒಂದು ಪ್ರಶ್ನೆಯನ್ನು ಕೇಳಲಿ: ಆ ಗುಡ್ಡದ ಬುಡದಲ್ಲಿ ಎಷ್ಟು ಬಾವಿಗಳಿವೆ? ಕಲ್ಲಿನ ಹಣ ಒಂದೆರಡು ವರ್ಷದಲ್ಲಿ ಮುಗಿದೀತು. ಲಕ್ಷಾಂತರ ವರ್ಷಗಳಲ್ಲಿ ಬೆಳೆದ ಮುಚ್ಚಳವನ್ನು ಪುನಃ ಹೊದಿಸುವವರು ಯಾರೂ ಇಲ್ಲ.