ಅಂಕೋಲಾ ದಾಟಿದ ಮೇಲಿನ ಏಳು ಕಿಲೋಮೀಟರ್: ಮೊದಲ ಫುಲ್ ಮ್ಯಾರಥಾನ್‌ಗೆ ತಯಾರಿ ಹೇಗೆ?

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಹೊರಟಿದ್ದೀರಾ? ಬಸ್ಸಲ್ಲಿ ಕೂತಿದ್ದೀರಾ? ಎಲ್ಲಿದ್ದರೂ ಸರಿ, ಇವತ್ತು ಓಟದ ಬಗ್ಗೆ ಮಾತಾಡೋಣ. ಐದು, ಹತ್ತು ಕಿಲೋಮೀಟರ್ ಅಲ್ಲ, ಪೂರ್ತಿ 42.195 ಕಿಲೋಮೀಟರ್ ಓಟ.

ನಾನು ಕಾರವಾರದ ಹತ್ತಿರ ಕಾಳಿ ನದಿ ದಂಡೆಯ ಕದ್ವಾಡದವಳು. ಶಾಲೆಯಲ್ಲಿ ಓಟದಲ್ಲಿ ಒಂದು ಪ್ರೈಜೂ ಬಂದಿಲ್ಲ. 26ನೇ ವಯಸ್ಸಿನಲ್ಲಿ ಓಡೋಕೆ ಶುರು ಮಾಡಿದೆ. ಮೊದಲ ಸಲ ಮ್ಯಾರಥಾನ್‌ಗೆ ಹೆಸರು ಕೊಟ್ಟೆ, ಫೀ ಕಟ್ಟಿದೆ, ಮುಂಬೈಗೆ ಮತ್ಸ್ಯಗಂಧಾ ರೈಲಿನ ಟಿಕೆಟ್ಟೂ ಮಾಡಿದೆ. ಆದರೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ, ಮರುವರ್ಷ ಹೇಗೆ ಹೋದೆ ಅನ್ನೋದೇ ಇವತ್ತಿನ ಎಪಿಸೋಡ್.

42.195 ಅಂದ್ರೆ ಎಷ್ಟು ದೂರ?

ನಮ್ಮಪ್ಪ ನಿವೃತ್ತ ಬಸ್ ಡ್ರೈವರ್. ನಾನು ದೂರ ಹೇಳಿದ ಕೂಡಲೇ ಅವರು ಹೇಳಿದ ಲೆಕ್ಕ ಇದು: "ಕಾರವಾರದಿಂದ ಅಂಕೋಲಾ ಹೈವೇ ಮೇಲೆ ಸುಮಾರು 35 ಕಿಲೋಮೀಟರ್. ಬಿಣಗಾ, ಅಮದಳ್ಳಿ, ಅವರ್ಸಾ ಎಲ್ಲಾ ದಾಟಿ ಅಂಕೋಲಾ ಸ್ಟ್ಯಾಂಡಿಗೆ ಹೋದ ಮೇಲೂ ನಿಂದು ಮುಗೀಲಿಲ್ಲ. ಮತ್ತೆ ಏಳು ಕಿಲೋಮೀಟರ್ ಹೋಗ್ಬೇಕು."

ಮ್ಯಾರಥಾನ್ ಬಗ್ಗೆ ಇಷ್ಟು ಸರಿಯಾಗಿ ನನಗೆ ಬೇರೆ ಯಾರೂ ಹೇಳಿಲ್ಲ. ಇಡೀ ತರಬೇತಿ ಇರೋದು ಆ ಕೊನೆಯ ಏಳು ಕಿಲೋಮೀಟರ್‌ಗಾಗಿ.

ಈ ವಿಚಿತ್ರ ಅಂಕಿ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಂನಲ್ಲಿ ರಾಜಮನೆತನದವರು ಕೂರುವ ಜಾಗದ ಎದುರು ಮುಗಿಯುವಂತೆ ಆ ಓಟದ ದಾರಿ ಇತ್ತು. 1921ರಲ್ಲಿ ಅದೇ ದೂರ ಅಧಿಕೃತವಾಯಿತು.

35ರ ಹತ್ತಿರ ಏನಾಗುತ್ತೆ?

ನಾವು ತಿನ್ನೋ ಅನ್ನ, ಅವಲಕ್ಕಿ, ಬಾಳೆಹಣ್ಣಿನ ಪಿಷ್ಟವನ್ನು ದೇಹ ಗ್ಲೈಕೋಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತೆ. ಚೆನ್ನಾಗಿ ಉಂಡ ದಿನವೂ ಅದು ಹೆಚ್ಚು ಕಡಿಮೆ 2000 ಕ್ಯಾಲೊರಿಯಷ್ಟು. ಓಡುವಾಗ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರ್‌ಗೆ ಸುಮಾರು ಒಂದು ಕ್ಯಾಲೊರಿ ಖರ್ಚು. ನನ್ನ ತೂಕ 58 ಕಿಲೋ. ಹಾಗಾದ್ರೆ ಇಡೀ ಓಟಕ್ಕೆ ಸುಮಾರು 2450 ಕ್ಯಾಲೊರಿ ಬೇಕು.

ಉಳಿದದ್ದು ಎಲ್ಲಿಂದ? ಕೊಬ್ಬಿನಿಂದ. ಕೊಬ್ಬು ನಮ್ಮ ಹತ್ತಿರ ಬೇಕಾದಷ್ಟಿದೆ, ಆದರೆ ಅದು ನಿಧಾನಕ್ಕೆ ಉರಿಯುವ ಸೌದೆ. ನಿಧಾನ ಓಡಿದರೆ ದೇಹ ಕೊಬ್ಬನ್ನು ಹೆಚ್ಚು ಬಳಸುತ್ತೆ. ಮೊದಲೇ ಜೋರಾಗಿ ಓಡಿದರೆ ಗ್ಲೈಕೋಜನ್ ಬೇಗ ಖಾಲಿ. ಆಗ 30ರಿಂದ 35ರ ನಡುವೆ ಕಾಲು ಕಲ್ಲಾಗುತ್ತೆ, ತಲೆ ಮಂಕಾಗುತ್ತೆ. ಓಟಗಾರರು ಇದನ್ನೇ 'ಗೋಡೆ' ಅನ್ನೋದು. ಅಪ್ಪನ ಭಾಷೆಯಲ್ಲಿ ಹೇಳೋದಾದ್ರೆ, ಡೀಸೆಲ್ ಖಾಲಿಯಾಗಿ ಗಾಡಿ ಅಂಕೋಲಾದಲ್ಲಿ ನಿಂತಿತು.

ಅದಕ್ಕೇ ತರಬೇತಿಯ ಕೆಲಸ ಮೂರು: ಕೊಬ್ಬನ್ನು ಚೆನ್ನಾಗಿ ಬಳಸೋಕೆ ದೇಹಕ್ಕೆ ಕಲಿಸೋದು, ದಾರಿಯಲ್ಲಿ ತಿನ್ನೋಕೆ ಹೊಟ್ಟೆಗೆ ಕಲಿಸೋದು, ಅಷ್ಟು ಹೊತ್ತಿನ ಹೊಡೆತ ತಾಳೋಕೆ ಮೂಳೆ-ಕೀಲುಗಳಿಗೆ ಕಲಿಸೋದು. ನಾನು ಸೋತದ್ದು ಮೂರನೆಯದರಲ್ಲಿ.

ಮೊದಲ ವರ್ಷ ನಾನು ಮಾಡಿದ ತಪ್ಪು

ಮೊದಲ ಎರಡು ತಿಂಗಳು ಎಲ್ಲಾ ಚೆನ್ನಾಗಿತ್ತು. ಉಸಿರು ಸರಿಯಾಯ್ತು, ಹುಮ್ಮಸ್ಸು ಬಂತು. ಭಾನುವಾರದ 12 ಕಿಲೋಮೀಟರ್ ಓಟವನ್ನು ಮೂರೇ ವಾರದಲ್ಲಿ 22ಕ್ಕೆ ಏರಿಸಿದೆ. ಮೊಬೈಲ್ ಆ್ಯಪ್‌ನಲ್ಲಿ ಹಾಕಿದ ಕೂಡಲೇ ಲೈಕ್‌ಗಳು ಬಂದವು.

ಜೊತೆಗೆ ಇನ್ನೊಂದು ತಪ್ಪು ಮಾಡಿದೆ. ತೂಕ ಕಡಿಮೆಯಾದರೆ ವೇಗ ಹೆಚ್ಚುತ್ತೆ ಅಂತ ಎಲ್ಲೋ ನೋಡಿ ರಾತ್ರಿ ಊಟ ಬಿಟ್ಟೆ. ಎರಡು ತಿಂಗಳು ಮುಟ್ಟು ಬರಲಿಲ್ಲ. 'ಓಡ್ತೀನಲ್ಲ, ಹಾಗಾಗುತ್ತೆ' ಅಂದುಕೊಂಡು ಸುಮ್ಮನಿದ್ದೆ. ಆಯಿಗೂ ಹೇಳಲಿಲ್ಲ.

ಆಮೇಲೆ ಎಡಗಾಲಿನ ಮೊಣಕಾಲು ಕೆಳಗೆ, ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವು ಶುರುವಾಯ್ತು. ನೋವಿನ ಮಾತ್ರೆ ತಗೊಂಡು ಮತ್ತೆ ಮೂರು ವಾರ ಓಡಿದೆ. ಒಂದು ರಾತ್ರಿ ಮಲಗಿದಾಗಲೂ ನೋವು ನಿಲ್ಲಲಿಲ್ಲ. ಬೆಳಿಗ್ಗೆ ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡಿದೆ. ಕಣ್ಣಲ್ಲಿ ನೀರು ಬಂತು.

ಡಾಕ್ಟರು ಕಾಲು ಮುಟ್ಟೋ ಮೊದಲು ಕೇಳಿದ ಪ್ರಶ್ನೆ: "ಮುಟ್ಟು ಸರಿಯಾಗಿ ಆಗ್ತಾ ಇದೆಯಾ? ಊಟ ಸರಿ ಮಾಡ್ತೀರಾ?" ಆ ಎರಡೂ ಪ್ರಶ್ನೆಗೆ ಉತ್ತರ ಕೊಡುವಾಗ ನನಗೇ ಅರ್ಥ ಆಗಿಹೋಯ್ತು. ಎಂಆರ್‌ಐ ಮಾಡಿಸಿದ್ವಿ. ಮೂಳೆ ಪೂರ್ತಿ ಬಿರುಕು ಬಿಟ್ಟಿರಲಿಲ್ಲ, ಆದರೆ ಆ ದಾರಿಯಲ್ಲೇ ಇತ್ತು. ಎಂಟು ವಾರ ಓಟ ಬಂದ್. ರೈಲು ಟಿಕೆಟ್ ಕ್ಯಾನ್ಸಲ್.

ಮೂಳೆಗೆ ಯಾಕೆ ಸಮಯ ಬೇಕು?

ಓಡಲು ಶುರು ಮಾಡಿದರೆ ಹೃದಯ, ಶ್ವಾಸ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಪ್ರತಿ ಓಟದಲ್ಲೂ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತೆ. ವಿಶ್ರಾಂತಿಯಲ್ಲಿ ದೇಹ ಅದನ್ನು ಸರಿಪಡಿಸಿ ಇನ್ನೂ ಗಟ್ಟಿ ಮಾಡುತ್ತೆ. ವಿಶ್ರಾಂತಿ ಇಲ್ಲ, ಊಟವೂ ಇಲ್ಲ ಅಂದ್ರೆ ರಿಪೇರಿ ನಿಲ್ಲುತ್ತೆ, ಪೆಟ್ಟು ಮಾತ್ರ ಮುಂದುವರಿಯುತ್ತೆ.

ಖರ್ಚಿಗೆ ತಕ್ಕ ಊಟ ಸಿಗದಿದ್ದರೆ ದೇಹ ಒಂದೊಂದೇ ಕೆಲಸ ಕಡಿತ ಮಾಡುತ್ತೆ. ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ, ನಿದ್ದೆ ಕೆಡುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' ಅಂತ ಹೆಸರು ಕೊಟ್ಟಿತು. ಇದು ಹುಡುಗರಿಗೂ ಆಗುತ್ತೆ, ಅವರಿಗೆ ಮುಟ್ಟಿನಂಥ ಎಚ್ಚರಿಕೆ ಗಂಟೆ ಇಲ್ಲ ಅಷ್ಟೇ. ಹುಡುಗಿಯರೇ, ಮುಟ್ಟು ನಿಂತರೆ ಅದು 'ಒಳ್ಳೆ ಟ್ರೇನಿಂಗ್'ನ ಗುರುತಲ್ಲ. ಡಾಕ್ಟರ ಹತ್ತಿರ ಹೋಗಿ.

ನೋವಿನಲ್ಲೂ ವ್ಯತ್ಯಾಸ ಇದೆ. ಕಣಕಾಲಿನ ಉದ್ದಕ್ಕೂ ಹರಡಿದ ನೋವು, ಓಡಿ ಬಿಸಿಯಾದ ಮೇಲೆ ಕಡಿಮೆಯಾಗುತ್ತೆ ಅಂದ್ರೆ ಓಟ ಕಡಿಮೆ ಮಾಡಿ ನೋಡಬಹುದು. ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ನೋವು, ಓಡಿದಷ್ಟೂ ಹೆಚ್ಚಾಗುವ ನೋವು, ರಾತ್ರಿಯೂ ಕಾಡುವ ನೋವು ಇದ್ದರೆ ಅವತ್ತೇ ನಿಲ್ಲಿಸಿ. ಮಾತ್ರೆ ನುಂಗಿ ಓಡಬೇಡಿ. ಐಬುಪ್ರೊಫೆನ್‌ನಂಥ ಮಾತ್ರೆ ನೋವನ್ನು ಮುಚ್ಚಿಡುತ್ತೆ. ಬೆವರು ಸುರಿದು ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೂ ಹೊರೆ.

ಎರಡನೇ ವರ್ಷದ ಪ್ಲಾನ್

ಮುಂಬೈ ಮ್ಯಾರಥಾನ್ ಜನವರಿಯಲ್ಲಿ. ನಾನು ಸೆಪ್ಟೆಂಬರ್‌ನಲ್ಲಿ ಶುರು ಮಾಡಿದೆ, ಒಟ್ಟು 18 ವಾರ. ಅದಕ್ಕೂ ಮೊದಲು ಆರು ತಿಂಗಳು ವಾರಕ್ಕೆ 20 ಕಿಲೋಮೀಟರ್ ತಪ್ಪದೆ ಓಡಿ ಅಡಿಪಾಯ ಹಾಕಿದ್ದೆ. ಅದಿಲ್ಲದೆ 18 ವಾರ ಸಾಲೋದಿಲ್ಲ.

ವಾರಕ್ಕೆ ನಾಲ್ಕೇ ದಿನ ಓಟ. ಮಂಗಳವಾರ 6, ಗುರುವಾರ 8, ಶನಿವಾರ 5 ಕಿಲೋಮೀಟರ್, ಭಾನುವಾರ ಲಾಂಗ್ ರನ್. ಎರಡು ದಿನ ಮನೆಯಲ್ಲೇ ಕಾಲು, ಸೊಂಟದ ವ್ಯಾಯಾಮ. ಒಂದು ದಿನ ಪೂರ್ತಿ ರಜೆ.

ಭಾನುವಾರದ ಲೆಕ್ಕ ಹೀಗಿತ್ತು: 12, 14, 16, ನಾಲ್ಕನೇ ವಾರ ಮತ್ತೆ 12. ಆಮೇಲೆ 16, 18, 20, ಮತ್ತೆ 14. ಮೂರು ಮೆಟ್ಟಿಲು ಹತ್ತಿ ಒಂದು ಇಳಿಯೋದು. ಅತಿ ಉದ್ದದ ಓಟ 30 ಕಿಲೋಮೀಟರ್, ಅದೂ ರೇಸ್‌ಗೆ ಮೂರು ವಾರ ಮೊದಲು. "42 ಓಡೋಕೆ 42 ಪ್ರ್ಯಾಕ್ಟೀಸ್ ಬೇಡ್ವಾ?" ಅಂತ ಎಲ್ಲರೂ ಕೇಳ್ತಾರೆ. ಬೇಡ. ಅಷ್ಟು ಓಡಿದರೆ ಸುಧಾರಿಸಿಕೊಳ್ಳೋಕೇ ವಾರಗಟ್ಟಲೆ ಹೋಗುತ್ತೆ, ಉಳಿದ ತರಬೇತಿ ಹಾಳಾಗುತ್ತೆ. ಕೊನೆಯ ಮೂರು ವಾರ ಓಟ ಇಳಿಸುತ್ತಾ ಬರೋದೂ ತರಬೇತಿಯ ಭಾಗವೇ.

ವೇಗ ಎಷ್ಟು? ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಒಂದೊಂದೇ ಪದಕ್ಕೆ ಏದುಸಿರು ಬಂದರೆ ವೇಗ ಹೆಚ್ಚಾಯ್ತು ಅಂತ ಅರ್ಥ. ವಾಚ್ ಇಲ್ಲದಿದ್ದರೂ ಈ ಪರೀಕ್ಷೆ ಸಾಕು.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ಮುಖ್ಯ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗೋದು. ಕಾರವಾರದ ಗಾಳಿಯಲ್ಲಿ ನೀರಿನ ಅಂಶ ಎಷ್ಟಿರುತ್ತೆ ಅಂದ್ರೆ ಬೆವರು ಆರೋದೇ ಇಲ್ಲ, ಸುಮ್ಮನೆ ಸುರಿಯುತ್ತೆ. ಅದಕ್ಕೇ ಅದೇ ವೇಗದಲ್ಲಿ ಓಡಿದರೂ ಎದೆಬಡಿತ ಹೆಚ್ಚು. ಬೆಂಗಳೂರಿನ ಗೆಳತಿಯ ಟೈಮಿಂಗ್ ನೋಡಿ ಬೇಜಾರು ಮಾಡ್ಕೋಬೇಡಿ. ಮಾತು ತೊದಲಿದರೆ, ತೂರಾಡಿದರೆ, ಗೊಂದಲ ಆದರೆ ಅದು ಸುಸ್ತಲ್ಲ, ಬಿಸಿಲಾಘಾತ ಇರಬಹುದು. ತಕ್ಷಣ ನಿಲ್ಲಿಸಿ, ಮೈಗೆ ತಣ್ಣೀರು ಸುರಿದು ಆಸ್ಪತ್ರೆಗೆ ಹೋಗಬೇಕು.

ಎಲ್ಲಿ ಓಡೋದು?

ನಾನು ಹೈವೇಯಲ್ಲಿ ಓಡ್ತೀನಿ ಅಂದಾಗ ಅಪ್ಪ ಖಡಾಖಂಡಿತ ಬೇಡ ಅಂದ್ರು. "ಆ ರೋಡಲ್ಲಿ ಗಾಡಿ ಹೊಡೆದವ ನಾನು. ಬೆಳಗಿನ ಜಾವ ನಿದ್ದೆಗಣ್ಣಲ್ಲಿರೋ ಲಾರಿಯವನಿಗೆ ನೀನು ಕಾಣೂದಿಲ್ಲ." ಹಾಗಾಗಿ ವಾರದ ದಿನ ಕದ್ವಾಡದ ಒಳರಸ್ತೆ, ಗದ್ದೆ-ಗಜನಿಗಳ ಪಕ್ಕ. ಭಾನುವಾರ ಪೇಟೆಯ ಟ್ಯಾಗೋರ್ ಕಡಲತೀರದ ಕಡೆ ಸುತ್ತು. ಮರಳಲ್ಲಿ ಮಾತ್ರ ಉದ್ದ ಓಟ ಬೇಡ. ಇಳಿಜಾರು ಮರಳು ಪಾದ, ಹಿಮ್ಮಡಿಯನ್ನು ಎಳೆಯುತ್ತೆ.

ಐದು ಗಂಟೆ ಕತ್ತಲೆಗೆ ಒಬ್ಬಳೇ ಹೋಗೋದು ಮನೆಯಲ್ಲಿ ದೊಡ್ಡ ಚರ್ಚೆಯೇ ಆಯ್ತು. ಕೊನೆಗೆ ಅಪ್ಪ ಸ್ಕೂಟರ್ ತೆಗೆದ್ರು. ಭಾನುವಾರ ನಾನು ಮುಂದೆ, ಹಿಂದೆ ಅವರ ಹೆಡ್‌ಲೈಟ್. ನಾಯಿಗಳೂ ದೂರ, ಕಾಮೆಂಟ್ ಹೊಡೆಯುವವರೂ ದೂರ. ಎಲ್ಲರಿಗೂ ಹೀಗೆ ಯಾರಾದರೂ ಸಿಗೋದಿಲ್ಲ, ಗೊತ್ತು. ಹಾಗಿದ್ರೆ ಎದುರು ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ ಓಡಿ. ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ, ಲೊಕೇಶನ್ ಮನೆಯವರಿಗೆ ಶೇರ್ ಮಾಡಿ. ಇಯರ್‌ಫೋನ್ ಒಂದೇ ಕಿವಿಗೆ ಸಾಕು, ನನ್ನ ಪಾಡ್‌ಕಾಸ್ಟ್ ಕೇಳ್ತಾ ಇದ್ರೂ ಅಷ್ಟೇ.

ಊಟ, ನೀರು

ಒಂದೂವರೆ ಗಂಟೆಗಿಂತ ಉದ್ದದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ದುಬಾರಿ ಜೆಲ್ಲೇ ಆಗಬೇಕೆಂದಿಲ್ಲ. ನನಗೆ ಒಗ್ಗಿದ್ದು ಬಾಳೆಹಣ್ಣು, ಬೆಲ್ಲದ ಚೂರು, ಸಕ್ಕರೆ-ಉಪ್ಪು ಹಾಕಿದ ಕೋಕಂ ಪಾನಕ. ಹಿಂದಿನ ರಾತ್ರಿ ಅನ್ನ, ತಿಳಿ ಸಾರು. ಮೀನು ಸಾರು ಓಟ ಮುಗಿದ ಮೇಲೆ! ಯಾವುದೇ ಆದರೂ ಲಾಂಗ್ ರನ್‌ನಲ್ಲಿ ಪರೀಕ್ಷೆ ಮಾಡಿ, ರೇಸ್ ದಿನ ಹೊಸದೇನೂ ಬೇಡ. ಶೂ ಕೂಡ ಹಾಗೇ. ಸಂಜೆ ಪಾದ ಸ್ವಲ್ಪ ಊದಿರುವಾಗ ಕೊಂಡುಕೊಳ್ಳಿ, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಿ.

ನೀರು ಎಷ್ಟು? ಒಂದು ಗಂಟೆ ಓಟದ ಮೊದಲು ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಹೆಚ್ಚು ಕಡಿಮೆ ಒಂದು ಲೀಟರ್ ಬೆವರು ಹೋಯ್ತು ಅಂತ. ಆದರೆ ಭಯಕ್ಕೆ ಸಿಕ್ಕಾಪಟ್ಟೆ ಕುಡಿಯೋದೂ ಅಪಾಯ, ರಕ್ತದಲ್ಲಿ ಸೋಡಿಯಂ ಕುಸಿಯುತ್ತೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಓಟ ಮುಗಿದಾಗ ಶುರುವಿಗಿಂತ ತೂಕ ಹೆಚ್ಚಿದ್ದರೆ ನೀವು ಕುಡಿದದ್ದು ಜಾಸ್ತಿ. ಬಾಯಾರಿಕೆ ನೋಡಿ ಕುಡಿಯಿರಿ.

ಇನ್ನೊಂದು ಮಾತು. ಎದೆ ನೋವು, ಓಡುವಾಗ ತಲೆಸುತ್ತು ಇದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆದವರಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಶೂ ಕೊಳ್ಳಿ.

ಆ ದಿನ

ಜನವರಿಯ ಆ ಭಾನುವಾರ ಕತ್ತಲಿರುವಾಗಲೇ ಸಿಎಸ್‌ಎಂಟಿ ಹತ್ತಿರ ನಿಂತಿದ್ದೆ. ಮೊದಲ ಹತ್ತು ಕಿಲೋಮೀಟರ್ ಎಲ್ಲರೂ ನನ್ನನ್ನು ದಾಟಿ ಹೋದರು. ಹೋಗಲಿ ಅಂತ ಬಿಟ್ಟೆ. ಸೀ ಲಿಂಕ್ ಮೇಲೆ ಗಾಳಿ ಬಂದಾಗ ಕಾಳಿ ಸೇತುವೆ ನೆನಪಾಯ್ತು. 30ರವರೆಗೆ ಮಾತಾಡೋ ವೇಗದಲ್ಲೇ ಇದ್ದೆ. ಪೆಡ್ಡರ್ ರೋಡ್ ಏರಿನಲ್ಲಿ ತೊಡೆ ಹಿಡಿದುಕೊಂಡಿತು. ನಡೆದೆ. ಎರಡು ನಿಮಿಷ ನಡೆದು, ಬೆಲ್ಲ ಬಾಯಿಗೆ ಹಾಕಿ ಮತ್ತೆ ಓಡಿದೆ. ಮ್ಯಾರಥಾನ್‌ನಲ್ಲಿ ನಡೆಯೋದು ಅಪರಾಧ ಅಲ್ಲ. ಎಡಗಾಲು ಮಾತ್ರ ಒಂದು ಸಲವೂ ನೋಯಲಿಲ್ಲ. 5 ಗಂಟೆ 24 ನಿಮಿಷಕ್ಕೆ ಮುಗೀತು.

ಫೋನ್ ಮಾಡಿದಾಗ ಅಪ್ಪ ಟೈಮಿಂಗ್ ಕೇಳಲಿಲ್ಲ. "ಅಂಕೋಲಾ ಎಲ್ಲಿ ಬಂತು?" ಅಂದ್ರು. "ಪೆಡ್ಡರ್ ರೋಡಲ್ಲಿ" ಅಂದೆ. ಹಿಂದಿನಿಂದ ಆಯಿ ಫೋನ್ ಕಸಿದುಕೊಂಡು ಕೇಳಿದ್ದು ಒಂದೇ: "ಉಂಡ್ಯಾ?"

ಹಿಂದಿನ ವರ್ಷ ಆ ಪ್ರಶ್ನೆಗೆ ಸುಳ್ಳು ಹೇಳ್ತಾ ಇದ್ದೆ. ಈ ಸಲ ಕೈಯಲ್ಲಿ ವಡಾಪಾವ್ ಇತ್ತು.

ನೀವೂ ಮೊದಲ ಮ್ಯಾರಥಾನ್‌ಗೆ ತಯಾರಾಗ್ತಾ ಇದ್ರೆ ಈ ವರ್ಷವೇ ಆಗಬೇಕು ಅಂತ ಹಟ ಬೇಡ. ಜನವರಿ ಪ್ರತಿ ವರ್ಷ ಬರುತ್ತೆ. ಈ ಭಾನುವಾರ ಎಷ್ಟು ಓಡಬೇಕೋ ಅಷ್ಟೇ ಓಡಿ, ಬಂದು ಹೊಟ್ಟೆ ತುಂಬ ಉಣ್ಣಿ.